ಮಂಗಳವಾರದ ಗಾಡಿ

2022ರ ಏಪ್ರಿಲ್ ತಿಂಗಳಲ್ಲಿ ನನ್ನನ್ನು ಅರಸೀಕೆರೆಯ ಡಿಪೋಗೆ ಮ್ಯಾನೇಜರ್ ಆಗಿ ಹಾಕಿದರು. ಪಶು ಆಹಾರ ತಯಾರಿಸುವ ಒಂದು ಖಾಸಗಿ ಕಂಪನಿಯ ವಿತರಣಾ ವಿಭಾಗದಲ್ಲಿ ಅಷ್ಟು ಹೊತ್ತಿಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದಿದ್ದೆ. ಇದೇ ನನ್ನ ಕೊನೆಯ ಜಾಗ ಎಂಬುದು ನನಗೂ ಗೊತ್ತಿತ್ತು, ಹಾಕಿದವರಿಗೂ ಗೊತ್ತಿತ್ತು. ವಿತರಣೆ ಎಂದರೆ ಕಾರ್ಖಾನೆಯಲ್ಲಿ ತಯಾರಾದ ಫೀಡನ್ನು ಹಳ್ಳಿಯ ಅಂಗಡಿಯವರೆಗೆ ಮುಟ್ಟಿಸುವುದು. ಈ ಕೆಲಸದಲ್ಲಿ ಹೆಸರು ಬರುವುದಿಲ್ಲ. ಮೂಟೆ ಬಂದ ದಿನ ನಮ್ಮನ್ನು ಯಾರೂ ನೆನೆಯುವುದಿಲ್ಲ. ಬರದ ದಿನ ಮಾತ್ರ ನಮ್ಮ ಫೋನ್ ನಂಬರು ಎಲ್ಲರಿಗೂ ಬಾಯಿಪಾಠ.

ನಾನು ಬರುವುದಕ್ಕೆ ಸುಮಾರು ಒಂದು ವರ್ಷ ಮೊದಲು ನಮ್ಮ ಹೆಡ್ ಆಫೀಸು ಒಂದು ದೊಡ್ಡ ತೀರ್ಮಾನ ಮಾಡಿತ್ತು. ಅದುವರೆಗೆ ಕಾರ್ಖಾನೆಯಿಂದ ದಿನಕ್ಕೆ ಒಂದೋ ಎರಡೋ ಲಾರಿ ಅರಸೀಕೆರೆಗೆ ಬರುತ್ತಿತ್ತು. ಲಾರಿ ಬಾಡಿಗೆ ಏರುತ್ತ ಹೋದಾಗ, ರೈಲಿನಲ್ಲಿ ತಂದರೆ ಮೂಟೆಗೆ ಬೀಳುವ ಸಾಗಣೆ ಖರ್ಚು ಬಹಳ ಇಳಿಯುತ್ತದೆ ಎಂದು ಲೆಕ್ಕ ಹಾಕಿದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಆ ಬಾಡಿಗೆ ಸಿಗಬೇಕಾದರೆ ಒಂದೆರಡು ಡಬ್ಬಿ ಹಿಡಿದರೆ ಸಾಲದು, ಇಡೀ ಗೂಡ್ಸ್ ರೈಲನ್ನೇ ಹಿಡಿಯಬೇಕು. ಅದನ್ನು ನಮ್ಮ ಭಾಷೆಯಲ್ಲಿ ರೇಕ್ ಎನ್ನುತ್ತಾರೆ. ಹೀಗಾಗಿ ದಿನಾ ಸ್ವಲ್ಪ ಸ್ವಲ್ಪವಾಗಿ ಬರುತ್ತಿದ್ದ ಸರಕು ತಿಂಗಳಿಗೊಮ್ಮೆ, ಕೆಲವು ಸಲ ಒಂದೂವರೆ ತಿಂಗಳಿಗೊಮ್ಮೆ, ಒಟ್ಟಿಗೇ ಬಂದು ಬೀಳತೊಡಗಿತು. ರೇಕ್ ಬಂದ ಮೇಲೆ ಗೊತ್ತುಪಡಿಸಿದ ಗಂಟೆಗಳೊಳಗೆ ವ್ಯಾಗನ್‌ಗಳನ್ನು ಖಾಲಿ ಮಾಡದಿದ್ದರೆ ರೈಲ್ವೆಗೆ ದಂಡ ಕಟ್ಟಬೇಕು. ಅದಕ್ಕೆ ಡೆಮರೇಜ್ ಎಂದು ಹೆಸರು. ಆ ಹೆಸರು ಕೇಳಿದರೆ ಸಾಕು, ನಮ್ಮ ಹೆಡ್ ಆಫೀಸಿನವರು ನಿದ್ದೆಯಲ್ಲೂ ಎದ್ದು ಕೂರುತ್ತಿದ್ದರು.

ಇದರ ಜೊತೆಗೆ ಇನ್ನೊಂದು ನಿಯಮವಿತ್ತು. ಅರಸೀಕೆರೆಯಿಂದ ಜಾವಗಲ್, ಹಳೇಬೀಡು, ಬೇಲೂರು, ಅರೇಹಳ್ಳಿ ಕಡೆಯ ಏಜೆಂಟರಿಗೆ ಮೂಟೆ ಕಳಿಸುವ ಲಾರಿ ಪೂರ್ತಿ ತುಂಬದೆ ಗೇಟು ದಾಟಬಾರದು. ನಾಲ್ಕು ಏಜೆಂಟರ ಆರ್ಡರ್ ಸೇರಿ ಒಂದು ಲೋಡ್ ಆಗುವವರೆಗೆ ಮೊದಲು ಕೇಳಿದವನು ಕಾಯಬೇಕು. ಅದು ನಾಲ್ಕು ದಿನವೂ ಆಗಬಹುದು, ಎರಡು ವಾರವೂ ಆಗಬಹುದು. ಕಾಗದದ ಮೇಲೆ ಇದೂ ಉಳಿತಾಯವೇ.

ಡಿಪೋದ ಸ್ಟೋರ್ ಕೀಪರ್ ರುದ್ರಪ್ಪ ಗಂಡಸಿ ಕಡೆಯವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆ ಅಡಿಕೆ. ಅವರ ನೆಂಟರಲ್ಲಿ ಅರ್ಧ ಜನ ಕೊಬ್ಬರಿ ವ್ಯಾಪಾರಸ್ಥರು. ಇವರೊಬ್ಬರು ಮಾತ್ರ ಸಂಬಳಕ್ಕೆ ಬಿದ್ದಿದ್ದರು. ಯಾರನ್ನೂ ನೋಯಿಸದ, ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ. ಡಿಪೋ ನಡೆಸುವವನಿಗೆ ಈ ಗುಣ ಎಷ್ಟು ಅಪಾಯವೆಂದು ಆಮೇಲೆ ತಿಳಿಯಿತು.

ಜೂನ್ ಕೊನೆಯ ವಾರದಲ್ಲಿ ಒಂದು ದೂರು ಬಂತು. ಅರೇಹಳ್ಳಿಯ ಏಜೆಂಟ್ ಸರೋಜಮ್ಮ ಮಾರಿದ ಮೂಟೆಯಲ್ಲಿ ಫೀಡು ಬೂಷ್ಟು ಹಿಡಿದಿತ್ತು, ಅದನ್ನು ತಿಂದ ಹಸು ಎರಡು ದಿನ ಮೇವು ಮುಟ್ಟಲಿಲ್ಲ ಎಂದು. ಹಸು ಉಳಿಯಿತು. ಆದರೆ ದೂರು ಹೆಡ್ ಆಫೀಸಿಗೇ ಹೋಗಿತ್ತು. ದಾಸ್ತಾನು ಸರಿಯಾಗಿ ಇಡದ ಏಜೆಂಟರನ್ನು ತೆಗೆದುಹಾಕಬಹುದು ಎಂಬ ಷರತ್ತು ನಮ್ಮ ಒಪ್ಪಂದದಲ್ಲಿದೆ. ಜನರಲ್ ಮ್ಯಾನೇಜರ್ ಫೋನಿನಲ್ಲಿ ಹೇಳಿದ್ದು ಎರಡೇ ಮಾತು: “ಹೋಗಿ ನೋಡಿ ಬಂದು ವರದಿ ಕೊಡಿ. ಏಜೆನ್ಸಿ ರದ್ದು ಮಾಡೋಣ.” ಹೋಗುವ ಮೊದಲೇ ತೀರ್ಮಾನವೂ ಸಿಕ್ಕಿತು.

ಸುಳ್ಳು ಹೇಳುವುದೇಕೆ, ಜೀಪು ಬೇಲೂರು ದಾಟುವ ಹೊತ್ತಿಗೆ ನಾನೂ ಮನಸ್ಸಿನಲ್ಲಿ ಅರ್ಧ ವರದಿ ಬರೆದು ಮುಗಿಸಿದ್ದೆ. ಅರಸೀಕೆರೆಯಲ್ಲಿ ಹೊರಟಾಗ ಬಿಸಿಲು. ಹಳೇಬೀಡಿನಲ್ಲಿ ಮೋಡ. ಅರೇಹಳ್ಳಿ ಹತ್ತಿರವಾದಂತೆ ಹಿಡಿದ ಮಳೆ ಬಿಡಲೇ ಇಲ್ಲ. ಒಂದೇ ಡಿಪೋದ ವ್ಯಾಪ್ತಿಯಲ್ಲಿ ಮೂರು ಹವೆ. ಅರಸೀಕೆರೆಯಲ್ಲಿ ಮೂರು ತಿಂಗಳು ಕೆಡದೆ ಇರುವ ಫೀಡು ಇಲ್ಲಿ ಅದರರ್ಧ ಕಾಲವೂ ತಡೆಯುವುದಿಲ್ಲ ಎಂಬುದು ಆ ತೇವದ ಗಾಳಿ ಮುಖಕ್ಕೆ ಬಡಿದಾಗಲೇ ಅರ್ಥವಾಗುತ್ತದೆ.

ಸರೋಜಮ್ಮನವರ ಅಂಗಡಿ ಪೇಟೆ ಮುಗಿಯುವ ಕಡೆ ರಸ್ತೆಗೆ ಮುಖ ಮಾಡಿತ್ತು. ಮನೆಯ ಮುಂಭಾಗವೇ ಅಂಗಡಿ. ಅವರಿಗೆ ನಲವತ್ತರ ಆಸುಪಾಸು. ಗಂಡ ಬಸ್ ಡ್ರೈವರ್, ಬೇರೆ ಜಿಲ್ಲೆಯಲ್ಲಿ ಕೆಲಸ. ರಜೆ ಸಿಕ್ಕಾಗ ಬಂದು ಹೋಗುತ್ತಿದ್ದರು. ಮನೆಯಲ್ಲಿ ಅವರೂ ಅತ್ತೆಯೂ ಇಬ್ಬರೇ. ನನ್ನನ್ನು ಕಂಡ ಕೂಡಲೇ ಎದ್ದು ನಿಂತು, “ಎಲ್ಲಾ ನೋಡಿ ಸಾರ್. ಮುಚ್ಚಿಡಾಕೆ ನಂತಾವ ಏನೂ ಇಲ್ಲ” ಎಂದರು.

ನೋಡಿದೆ. ನಾನು ಹುಡುಕಿಕೊಂಡು ಹೋದ ತಪ್ಪು ಅಲ್ಲಿರಲಿಲ್ಲ. ಮೂಟೆಗಳ ಕೆಳಗೆ ಮರದ ಹಲಗೆ ಇತ್ತು. ಗೋಡೆಗೂ ಮೂಟೆಗೂ ನಡುವೆ ಒಂದು ಮೊಳ ಜಾಗ ಬಿಟ್ಟಿದ್ದರು. ಇರಚಲು ಹೊಡೆಯುವ ಕಡೆ ಟಾರ್ಪಾಲು ಕಟ್ಟಿದ್ದರು. ನಮ್ಮ ತರಬೇತಿಯಲ್ಲಿ ಹೇಳಿಕೊಡುವುದನ್ನೆಲ್ಲ ಈಕೆ ಚಾಚೂ ತಪ್ಪದೆ ಮಾಡಿದ್ದರು. ಇಷ್ಟು ಅಚ್ಚುಕಟ್ಟಿನ ಅಂಗಡಿಯಲ್ಲಿ ಬೂಷ್ಟು ಹೇಗೆ ಹಿಡಿಯಿತು ಎಂದು ಕೇಳಿದೆ. ಅವರು ಒಳಗೆ ಕರೆದುಕೊಂಡು ಹೋದರು.

ಒಳಗಿನ ಕೋಣೆಯ ಬಾಗಿಲು ಪೂರ್ತಿ ತೆರೆಯಲಾಗಲಿಲ್ಲ. ನೆಲದಿಂದ ಸೂರಿನವರೆಗೆ ನಮ್ಮ ಕಂಪನಿಯ ಮೂಟೆ. ಕೋಣೆಗೆ ಇದ್ದ ಒಂದೇ ಕಿಟಕಿಯನ್ನೂ ಮೂಟೆಗಳೇ ಮುಚ್ಚಿದ್ದವು. ಗಾಳಿಯಾಡದೆ ಹುಳಿ ವಾಸನೆ ಕಟ್ಟಿತ್ತು. ಮುಂದಿನ ಸಾಲಿನಿಂದ ತೆಗೆದು ಮಾರುತ್ತಾರೆ, ಹೊಸ ಲೋಡ್ ಬಂದಾಗ ಮತ್ತೆ ಮುಂದೆಯೇ ಪೇರಿಸುತ್ತಾರೆ. ಹಿಂದಿನ ಸಾಲು ಹಿಂದೆಯೇ ಉಳಿದು ಹಳೆಯದಾಗುತ್ತದೆ. ದೂರು ಬಂದ ಮೂಟೆ ಅಂಥ ಹಿಂದಿನ ಸಾಲಿನದು. ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಇತ್ತು. ಹಸುವಿಗೆ ಹುಷಾರಿಲ್ಲ ಎಂದು ತಿಳಿದ ಕೂಡಲೇ ಸರೋಜಮ್ಮನೇ ಡಾಕ್ಟರನ್ನು ಕರೆದುಕೊಂಡು ಹೋಗಿದ್ದರು. ಆ ವಿಷಯವನ್ನು ದೂರಿನಲ್ಲಿ ಯಾರೂ ಬರೆದಿರಲಿಲ್ಲ.

ಅಡುಗೆಮನೆಗೆ ಹೋಗುವ ಓಣಿಯಂಥ ಜಾಗದಲ್ಲಿ ಒಂದು ಮಂಚ. ಅದರ ಮೇಲೆ ಕೂತಿದ್ದ ಅಜ್ಜಿ ಕೆಮ್ಮುತ್ತಲೇ ಕೇಳಿದರು: “ಯಾರೇ ಸರೋಜ? ಕಂಪ್ನಿಯೋರಾ? ನನ್ ಕ್ವಾಣೆ ಯಾವಾಗ ಬುಟ್ಕೊಡ್ತಾರಂತೆ ಕೇಳು.”

ಅದು ಅಜ್ಜಿಯ ಕೋಣೆ. ಕಾಲು ಹಿಡಿದುಕೊಂಡ ಮೇಲೆ ಅವರು ಹೊರಗೆ ಹೋಗುವುದು ನಿಂತಿತ್ತು. ಕಿಟಕಿಯ ಪಕ್ಕ ಮಲಗಿ ರಸ್ತೆ ನೋಡುವುದೊಂದೇ ಅವರ ಕಾಲಕ್ಷೇಪ. ಈಗ ಅವರ ಮುಂದೆ ಇದ್ದದ್ದು ಪಾತ್ರೆ ತೊಳೆಯುವ ತೊಟ್ಟಿ.

“ಇಷ್ಟು ಮೂಟೆ ಯಾಕಮ್ಮ ತರಿಸಿದ್ರಿ? ವಾರಕ್ಕೆ ಹದಿನೈದು ಇಪ್ಪತ್ತು ಮೂಟೆ ಮಾರೋ ಅಂಗಡಿಗೆ ಇದು ಜಾಸ್ತಿಯಾಗಲಿಲ್ವೇ?” ಎಂದೆ.

“ಅಷ್ಟೂ ಬತ್ತದೆ ಅಂತ ತರಿಸ್ಲಿಲ್ಲ ಸಾರ್. ಕೇಳಿದ್ದು ನಿಜ. ನೂರಿಪ್ಪತ್ತು ಕೇಳಿದ್ರೆ ಅರವತ್ತು ಕೊಡೋರು. ಯಾವಾಗ್ಲೂ ಹಂಗೇ. ಅದಕ್ಕೇ ಡಬಲ್ ಹೇಳದು. ಎಲ್ಲಾ ಏಜೆಂಟ್ರೂ ಹಂಗೇ ಹೇಳದು. ಈ ಸಲ ಮಳೆ ಹಿಡಿಯೋ ಹೊತ್ಗೆ ನೂರಿಪ್ಪತ್ತೂ ಬಂದು ಬಿತ್ತು. ನಾನೇ ಕೇಳಿವ್ನಿ, ಬ್ಯಾಡ ಅನ್ನಾಕಾಯ್ತದಾ? ಇಳಿಸ್ಕೊಂಡೆ.”

“ಅರವತ್ತೂ ಜಾಸ್ತಿಯೇ ಅಲ್ವೇ?”

“ನಿಮ್ ಗಾಡಿ ಯಾವಾಗ ಬತ್ತದೆ ಅಂತ ನಿಮಗೇ ಗೊತ್ತಿಲ್ಲ ಸಾರ್. ಹೋದ್ವರ್ಷ ಗೌರಿ ಹಬ್ಬದ ಹೊತ್ನಲ್ಲಿ ಮೂರು ವಾರ ಗಾಡಿನೇ ಇಲ್ಲ. ದಿನಾ ಹೆಂಗಸ್ರು ಬಂದು ಬಾಗ್ಲಲ್ಲಿ ನಿಂತ್ಕಳೋರು. ಹಸಾ ಕಟ್ಕೊಂಡೋರಿಗೆ ನಾಳೆ ಬನ್ನಿ ಅಂತ ಎಷ್ಟು ದಿನ ಹೇಳದು? ಹಾಲು ಇಳಿದೋಯ್ತು. ನನಗೆ ಮುಖ ಎತ್ಕೊಂಡು ಓಡಾಡಕ್ಕಾಗ್ಲಿಲ್ಲ. ಅವತ್ತೇ ಅಂದ್ಕೊಂಡೆ, ಮನೆ ತುಂಬಿದ್ರೂ ತುಂಬ್ಲಿ, ಖಾಲಿ ಮಾತ್ರ ಆಗ್ಬಾರ್ದು ಅಂತ.”

ಆಗ ಅವರು ಅಷ್ಟು ಹೊತ್ತು ತಡೆದಿಟ್ಟುಕೊಂಡಿದ್ದನ್ನು ಕೇಳಿದರು. “ಏಜೆನ್ಸಿ ತೆಗೀತಾರಂತಲ್ಲ ಸಾರ್?” ನಾನು ಉತ್ತರ ಕೊಡುವ ಮೊದಲೇ ಹೊರಗಿನ ಬೋರ್ಡಿನ ಕಡೆ ಕೈ ತೋರಿಸಿದರು. “ಅಲ್ಲಿ ನನ್ ಹೆಸರು ಬರೆಸಿವ್ನಿ. ಈ ಅಂಗಡಿ ಹಾಕೋವರ್ಗೂ ಊರಲ್ಲಿ ನನ್ನ ಡ್ರೈವರ್ ಹೆಂಡ್ತಿ ಅಂತಿದ್ರು. ಆಮೇಲೇ ಸರೋಜಮ್ಮ ಆಗಿದ್ದು. ಬೋರ್ಡ್ ಇಳಿಸಿದ್ರೆ ಮತ್ತೆ ಡ್ರೈವರ್ ಹೆಂಡ್ತಿನೇ.” ಅಳಲಿಲ್ಲ. ಸೆರಗಿನಿಂದ ಒಂದು ಮೂಟೆಯ ಮೇಲಿನ ಧೂಳು ಒರೆಸಿದರು.

ಆ ಹೆಂಗಸಿನ ಮೇಲೆ ನನಗೆ ಕನಿಕರ ಹುಟ್ಟಿತು, ನಮ್ಮ ಕಂಪನಿಯ ಮೇಲೆ ಸಿಟ್ಟು ಬಂತು. ಈ ಕೆಲಸದಲ್ಲಿ ಎರಡೂ ಒಟ್ಟಿಗೆ ಬರುವುದು ಅಪರೂಪವೇನಲ್ಲ. ಸಿಟ್ಟು ಸಂಬಳದ ದಿನದವರೆಗೆ ಇರುವುದು ಮಾತ್ರ ಅಪರೂಪ.

ವಾಪಸು ಬರುವಾಗ ಹಳೇಬೀಡಿನ ಏಜೆಂಟ್ ಶಿವಣ್ಣನ ಅಂಗಡಿಯಲ್ಲಿ ನಿಲ್ಲಿಸಿ, ನೀವೂ ಡಬಲ್ ಕೇಳುತ್ತೀರಾ ಎಂದೆ. ಆತ ಮುಚ್ಚುಮರೆ ಇಲ್ಲದೆ ನಕ್ಕ. “ಡಬಲ್ ಏನ್ ಸಾರ್, ನಾನು ಮೂರರಷ್ಟು ಹೇಳ್ತೀನಿ. ರುದ್ರಪ್ಪಾರು ಭಾರಿ ಬುದ್ಧಿವಂತರು, ನನಗೆ ಮಾತ್ರ ಮೂರನೇ ಒಂದು ಭಾಗ ಕಳಿಸ್ತಾರೆ.”

ಡಿಪೋಗೆ ಬಂದವನೇ ರುದ್ರಪ್ಪನವರನ್ನು ಕೂರಿಸಿಕೊಂಡೆ. “ಆರ್ಡರ್ ಯಾಕೆ ಅರ್ಧ ಮಾಡ್ತೀರಿ?”

“ಅವ್ರು ಡಬಲ್ ಕೇಳ್ತಾರಲ್ಲ ಸಾರ್, ಅದಕ್ಕೆ.”

“ಅವರು ಯಾಕೆ ಡಬಲ್ ಕೇಳ್ತಾರೆ?”

“ನಾನು ಅರ್ಧ ಮಾಡ್ತೀನಲ್ಲ ಸಾರ್.” ಹೇಳಿದ ಮೇಲೆ ಅವರಿಗೇ ಏನೋ ಹೊಳೆದಂತಾಗಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

“ಸರಿ, ಮಳೆ ಹಿಡಿಯೋ ಹೊತ್ತಲ್ಲಿ ಸರೋಜಮ್ಮನಿಗೆ ಮಾತ್ರ ಪೂರ್ತಿ ನೂರಿಪ್ಪತ್ತು ಯಾಕೆ ಕಳಿಸಿದ್ರಿ?”

“ಅವತ್ತು ರೇಕ್ ಬಂದಿತ್ತು ಸಾರ್. ಗೋದಾಮಲ್ಲಿ ಕಾಲಿಡಾಕೆ ಜಾಗ ಇರ್ಲಿಲ್ಲ. ಡೆಮರೇಜ್ ಬೀಳ್ತದೆ ಅಂತ ಫೋನ್ ಮೇಲೆ ಫೋನು. ಯಾರ್ಯಾರು ಎಷ್ಟೆಷ್ಟು ಕೇಳಿದ್ರೋ ಅಷ್ಟೂ ತುಂಬಿ ಕಳಿಸ್ಬುಟ್ಟೆ. ಪಾಪ, ಕೇಳಿದ್ದು ಕೊಟ್ರೆ ಖುಷಿಯಾಗ್ತಾರೆ ಅಂದ್ಕೊಂಡೆ.”

ಯಾರ ಮೇಲೆ ಸಿಟ್ಟು ಮಾಡುವುದು? ಹೆಡ್ ಆಫೀಸು ಉಳಿಸಲು ಹೊರಟಿತು. ರುದ್ರಪ್ಪ ಹಂಚಲು ಹೊರಟರು. ಸರೋಜಮ್ಮ ಊರಿನ ಹಸುಗಳಿಗೆ ಕೊರತೆಯಾಗದಂತೆ ನೋಡಿಕೊಳ್ಳಲು ಹೊರಟರು. ಇಷ್ಟು ಜನರ ಒಳ್ಳೆಯ ಬುದ್ಧಿ ಸೇರಿ ಒಬ್ಬ ಮುದುಕಿಯನ್ನು ಅವಳ ಕೋಣೆಯಿಂದ ಹೊರಗೆ ಹಾಕಿತ್ತು.

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ಅಂಗಡಿಯಲ್ಲಿ ಮೂಟೆ ಕೂಡುವುದಕ್ಕೆ ಎರಡು ಕಾರಣ. ಒಂದು, ಗಾಡಿ ದೊಡ್ಡದಾಗಿ ಅಪರೂಪಕ್ಕೆ ಬಂದರೆ ಮತ್ತೆ ಬರುವವರೆಗಿನದನ್ನು ಒಟ್ಟಿಗೇ ಇಳಿಸಿಕೊಳ್ಳಬೇಕು. ಇದನ್ನು ಲೆಕ್ಕ ಹಾಕಬಹುದು. ಇನ್ನೊಂದು, ಎಲ್ಲಿ ಬರದೆ ಹೋದೀತೋ ಎಂಬ ಭಯಕ್ಕೆ ಹೆಚ್ಚಾಗಿ ಇಟ್ಟುಕೊಳ್ಳುವುದು. ಅದಕ್ಕೆ ಸೇಫ್ಟಿ ಸ್ಟಾಕ್ ಎನ್ನುತ್ತಾರೆ. ಭಯಕ್ಕೆ ಲೆಕ್ಕ ಎಲ್ಲಿದೆ? ತಡವಾಗಿ ಬರುವ ಗಾಡಿಯನ್ನು ಅಂಗಡಿಯವರು ಸಹಿಸಿಕೊಳ್ಳುತ್ತಾರೆ. ಯಾವಾಗ ಬರುತ್ತದೆಂದೇ ಗೊತ್ತಿಲ್ಲದ ಗಾಡಿಯಾದರೆ ಮನೆಯೆಲ್ಲ ಮೂಟೆ ತುಂಬಿಕೊಳ್ಳುತ್ತಾರೆ. ನಮ್ಮ ಉಳಿತಾಯದ ಲೆಕ್ಕದಲ್ಲಿ ಅಜ್ಜಿಯ ಕೋಣೆಗೆ ಕಾಲಂ ಇರಲಿಲ್ಲ.

ವರದಿಯಲ್ಲಿ ಬರೆದೆ: ಏಜೆಂಟರ ದಾಸ್ತಾನು ಕ್ರಮದಲ್ಲಿ ದೋಷವಿಲ್ಲ, ನಮ್ಮ ಗಾಡಿಯ ಕ್ರಮದಲ್ಲಿದೆ. ರೇಕ್ ಬರುವುದು ಬರಲಿ. ಆದರೆ ಆ ಸರಕು ಒಣ ಹವೆಯ ಅರಸೀಕೆರೆಯಲ್ಲೇ ಇರಲಿ. ಅಲ್ಲಿಂದ ಚಿಕ್ಕ ಗಾಡಿಯೊಂದು ಮಂಗಳವಾರ ಬೇಲೂರು, ಅರೇಹಳ್ಳಿಗೆ, ಶುಕ್ರವಾರ ಜಾವಗಲ್, ಹಳೇಬೀಡಿಗೆ ಹೋಗಲಿ. ತುಂಬಿದರೂ ಹೋಗಲಿ, ತುಂಬದಿದ್ದರೂ ಹೋಗಲಿ.

ಮರುದಿನವೇ ಜನರಲ್ ಮ್ಯಾನೇಜರ್ ಫೋನ್ ಮಾಡಿದರು. “ಅರ್ಧ ಖಾಲಿ ಗಾಡಿ ಓಡಿಸ್ತೀನಿ ಅಂತೀರಲ್ರೀ, ಡೀಸೆಲ್ ಏನು ನಿಮ್ಮನೆ ಬಾವೀಲಿ ಸಿಗುತ್ತಾ?”

“ಬೂಷ್ಟು ಹಿಡಿದ ಮೂಟೆ ವಾಪಸ್ ತರೋ ಗಾಡಿನೂ ಡೀಸೆಲ್‌ನಲ್ಲೇ ಓಡುತ್ತೆ ಸಾರ್.”

ಅವರೂ ಕೆಳಗಿನಿಂದ ಮೇಲೆ ಬಂದವರೇ, ಅವರ ತಲೆಯ ಮೇಲೂ ಒಬ್ಬರಿದ್ದರು. ಕೊನೆಗೆ, “ದೀಪಾವಳಿವರೆಗೆ ನೋಡಿ. ಅಷ್ಟರಲ್ಲಿ ಅರೇಹಳ್ಳಿಯಿಂದ ಇನ್ನೊಂದು ದೂರು ಬಂದ್ರೆ ಆ ಏಜೆನ್ಸಿನೂ ಇಲ್ಲ, ನಿಮ್ಮ ಗಾಡಿನೂ ಇಲ್ಲ” ಎಂದರು. ಸರೋಜಮ್ಮನ ಬೋರ್ಡು ನಮ್ಮ ಮಂಗಳವಾರಕ್ಕೆ ಗಂಟು ಬಿತ್ತು.

ರೇಕಿನ ಸರಕು ಇಡಲು ಜಾಗ ಬೇಕಿತ್ತು. ರುದ್ರಪ್ಪನವರ ಷಡ್ಡಕರದು ಕೊಬ್ಬರಿ ಮಂಡಿ. ಅವರ ಹಿಂದಿನ ಗೋದಾಮು ಖಾಲಿ ಬಿದ್ದಿತ್ತು. ಎರಡು ಕಪ್ ಕಾಫಿಯಲ್ಲಿ ಮಾತು ಮುಗಿಯಿತು. ಅಲ್ಲಿಟ್ಟ ಮೂಟೆಗಳಿಗೆಲ್ಲ ಕೊಬ್ಬರಿ ವಾಸನೆ ಹತ್ತಿತು. “ಮಲೆನಾಡಿನ ಹಸಗಳಿಗೆ ಇನ್ಮೇಲೆ ದಿನಾ ಹಬ್ಬ ಸಾರ್” ಎಂದು ರುದ್ರಪ್ಪ ನಕ್ಕರು.

ಕೆಟ್ಟ ಮೂಟೆಗಳನ್ನೆಲ್ಲ ವಾಪಸು ತರಿಸಿದೆವು. ಏಜೆಂಟರಿಗೆಲ್ಲ ನಾನೇ ಫೋನ್ ಮಾಡಿ, ಇನ್ನು ಮುಂದೆ ಅರ್ಧ ಮಾಡುವುದಿಲ್ಲ, ಬೇಕಾದಷ್ಟೇ ಕೇಳಿ, ವಾರವಾರ ಗಾಡಿ ಬರುತ್ತದೆ ಎಂದೆ. ಎಲ್ಲರೂ ಆಗಲಿ ಎಂದರು. ಯಾರೂ ನಂಬಲಿಲ್ಲ. ಕೋಣೆಯಲ್ಲಿ ಇನ್ನೂ ಒಳ್ಳೆಯ ಮೂಟೆ ಬೇಕಾದಷ್ಟಿರುವಾಗ ಸರೋಜಮ್ಮ ಮೊದಲ ಮಂಗಳವಾರಕ್ಕೆ ಅರವತ್ತು ಕೇಳಿದರು. ಅಷ್ಟು ಬೇಕೇ ಎಂದರೆ, “ಬ್ಯಾಡ ಸಾರ್. ಆದ್ರೆ ಬುಧವಾರ ನಿಮ್ ಮನ್ಸು ಹೆಂಗಿರ್ತದೋ” ಎಂದರು. ಕೊನೆಗೆ ಅರೆಮನಸ್ಸಿನಿಂದ ಮೂವತ್ತಕ್ಕೆ ಇಳಿದರು. ಅತ್ತ ರುದ್ರಪ್ಪನವರು ಅಭ್ಯಾಸಬಲದಿಂದ ಅದನ್ನು ಹದಿನೈದು ಮಾಡಿದ್ದರು. ಕೇಳಿದರೆ “ಕೈ ಕೇಳಲ್ಲ ಸಾರ್” ಎಂದು ತಲೆ ಕೆರೆದುಕೊಂಡರು.

ನಿಜವಾದ ಪರೀಕ್ಷೆ ಬಂದದ್ದು ಆಷಾಢದ ಒಂದು ಮಂಗಳವಾರ. ಎರಡು ದಿನದಿಂದ ಎಲ್ಲ ಕಡೆ ಮಳೆ. ಬೇಲೂರು ಕಡೆಯ ಆರ್ಡರುಗಳೆಲ್ಲ ಸೇರಿದರೂ ಗಾಡಿಯ ಕಾಲು ಭಾಗ ತುಂಬಲಿಲ್ಲ. ಅದನ್ನು ಶುಕ್ರವಾರದ ಲೋಡಿಗೆ ಸೇರಿಸಿಬಿಡೋಣವೇ ಎಂದು ರುದ್ರಪ್ಪ ಮೆಲ್ಲಗೆ ಕೇಳಿದರು. ಅಷ್ಟರಲ್ಲಿ ಜನರಲ್ ಮ್ಯಾನೇಜರ್ ಫೋನು. “ಇವತ್ತಿನ ಲೋಡ್ ನೋಡಿದೆ. ಗಾಡಿ ಬಿಡಬೇಡಿ.”

“ಇವತ್ತು ಮಂಗಳವಾರ ಸಾರ್.”

“ಅದು ನನಗೂ ಗೊತ್ತು ಕಣ್ರೀ.”

“ಅವರಿಗೂ ಗೊತ್ತಾಗ್ಬೇಕಲ್ಲ ಸಾರ್. ಇವತ್ತು ಹೋಗದಿದ್ರೆ ನಾಳೆಯಿಂದ ಮತ್ತೆ ನೂರಿಪ್ಪತ್ತು ಕೇಳ್ತಾರೆ.”

ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ, ಫೋನ್ ಇಟ್ಟರು. ದೊಡ್ಡವರ ಮೌನಕ್ಕೆ ನಮಗೆ ಬೇಕಾದ ಅರ್ಥ ಹಚ್ಚಿಕೊಳ್ಳುವುದು ಕೆಳಗಿನವರ ಹಕ್ಕು. ಡ್ರೈವರ್ ನಾಗರಾಜನನ್ನು ಕರೆದು ಹೊರಡು ಎಂದೆ. ಬೈಯಿಸಿಕೊಳ್ಳುವುದಾದರೆ ಜೊತೆಗೇ ಬೈಯಿಸಿಕೊಳ್ಳೋಣ ಎಂದು ನಾನೂ ಹತ್ತಿ ಕೂತೆ.

ಬೇಲೂರು ದಾಟಿದ ಮೇಲೆ ರಸ್ತೆಗೆ ಅಡ್ಡ ಒಂದು ಮರ ಬಿದ್ದಿತ್ತು. ಮುಂದೆ ನಿಂತಿದ್ದ ಬಸ್ಸು ಹಿಂದಕ್ಕೆ ತಿರುಗಿಕೊಂಡು ಹೋಯಿತು. “ನಾವೂ ತಿರುಗಿಸೋದಾ ಸಾರ್?” ಎಂದ ನಾಗರಾಜ. ಆ ಕ್ಷಣ ನನಗೂ ಆಸೆಯಾಯಿತು. ಮರ ಬಿದ್ದಿದ್ದಕ್ಕೆ ಯಾರೂ ನಮ್ಮನ್ನು ಬೈಯುತ್ತಿರಲಿಲ್ಲ. ಆದರೆ ಸರೋಜಮ್ಮನಿಗೆ ಕಾಣುವುದು ಮರವಲ್ಲ, ಬರದೇ ಹೋದ ಗಾಡಿ. ಕಾಯೋಣ ಎಂದೆ. ಪಕ್ಕದ ಎಸ್ಟೇಟಿನ ಕೆಲಸದವರು ಬಂದು ಕೊಯ್ದು ದಾರಿ ಬಿಡಿಸುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು.

ಅರೇಹಳ್ಳಿಯಲ್ಲಿ ಅಂಗಡಿಯ ಷಟರು ಅರ್ಧ ಇಳಿದಿತ್ತು. ಗಾಡಿಯ ಸದ್ದಿಗೆ ಸರೋಜಮ್ಮ ಖಾಲಿ ಫೀಡಿನ ಚೀಲವೊಂದನ್ನು ತಲೆಯ ಮೇಲೆ ಹಾಕಿಕೊಂಡು ರಸ್ತೆಗೇ ಬಂದರು. “ಬಂದೇಬುಟ್ರಾ!” ಎಂದು ಟಾರ್ಪಾಲು ಎತ್ತಿ ನೋಡಿದರು. ಒಳಗೆ ಮೂಲೆಯಲ್ಲಿ ಒಂದಿಷ್ಟು ಮೂಟೆ, ಉಳಿದದ್ದೆಲ್ಲ ಬಯಲು. “ಇಷ್ಟೇ ಮೂಟೆಗಾ ಸಾರ್, ಈ ಮಳೇಲಿ?”

“ಮಂಗಳವಾರ ಅಲ್ವೇನಮ್ಮ?” ಎಂದೆ.

ಅವರು ಮೂಟೆ ಇಳಿಸಿಕೊಂಡರು, ಬಿಸಿ ಬಿಸಿ ಕಾಫಿ ಕೊಟ್ಟರು. ನಾವು ಹೊರಟಾಗ ಗಾಡಿಯ ಕಿಟಕಿಯ ಹತ್ತಿರ ಬಂದು, “ಮುಂದಿನ ವಾರಕ್ಕೆ ಏನೂ ಬ್ಯಾಡ ಸಾರ್. ಅದರ ಮುಂದಿನ ವಾರಕ್ಕೆ ಹದಿನೈದು ಸಾಕು” ಎಂದರು. ನಾಗರಾಜ ನನ್ನ ಮುಖ ನೋಡಿದ. ಆ ದಾರಿಯಲ್ಲಿ ಯಾವ ಏಜೆಂಟೂ ಸಾಕು ಎಂದದ್ದನ್ನು ಅವನು ಕೇಳಿರಲಿಲ್ಲ. ನನಗಂತೂ ಕಣ್ಣು ತುಂಬಿ ಬಂತು, ಮಳೆಯಿದ್ದದ್ದು ಒಳ್ಳೆಯದಾಯಿತು.

ಮರ ಬಿದ್ದ ದಿನವೂ ಗಾಡಿ ಬಂತು ಎಂಬ ಸುದ್ದಿಯನ್ನು ಉಳಿದ ಏಜೆಂಟರಿಗೆ ಮುಟ್ಟಿಸಿದ್ದು ಸರೋಜಮ್ಮನೇ. ಒಬ್ಬೊಬ್ಬರೇ ಆರ್ಡರ್ ಇಳಿಸತೊಡಗಿದರು. ಶಿವಣ್ಣನೂ ಮೂರರಷ್ಟು ಕೇಳುವುದನ್ನು ಬಿಟ್ಟು ಎರಡರಷ್ಟಕ್ಕೆ ಬಂದ, ಆಮೇಲೆ ಸರಿದಾರಿಗೂ ಬಂದ. ಕೇಳುವುದು ಕಡಿಮೆಯಾದರೂ ಮಾರಾಟ ಕಡಿಮೆಯಾಗಲಿಲ್ಲ, ಅಂಗಡಿಗಳಲ್ಲಿ ಕೊಳೆಯುತ್ತಿದ್ದದ್ದು ಮಾತ್ರ ನಿಂತಿತು. ದೀಪಾವಳಿ ಬಂತು, ದೂರು ಬರಲಿಲ್ಲ. ಜನರಲ್ ಮ್ಯಾನೇಜರ್ ಬೇರೆ ಡಿಪೋಗಳ ಸಭೆಯಲ್ಲಿ ‘ನಾನು ಅರಸೀಕೆರೆಯಲ್ಲಿ ಮಾಡಿಸಿದ ವ್ಯವಸ್ಥೆ’ ಎಂದು ವಿವರಿಸಿದರಂತೆ. ಹೇಳಿಕೊಳ್ಳಲಿ ಎಂದುಕೊಂಡೆ, ಸರೋಜಮ್ಮನ ಬೋರ್ಡು ಇದ್ದಲ್ಲೇ ಇತ್ತಲ್ಲ. ಹಬ್ಬದ ಮರುವಾರ ನಾನು ಅಲ್ಲಿಗೆ ಹೋದಾಗ ಒಳಗಿನ ಕೋಣೆ ತೊಳೆದು ಸುಣ್ಣ ಹೊಡೆದಿದ್ದರು. ಕಿಟಕಿ ತೆರೆದಿತ್ತು. ಅಜ್ಜಿ ತಮ್ಮ ಮಂಚದ ಮೇಲೆ ಕೂತು, “ಇವತ್ತು ಬೇಲೂರು ಬಸ್ಸು ಲೇಟು ಕಣಪ್ಪ” ಎಂದು ನನಗೇ ವರದಿ ಕೊಟ್ಟರು.

ಮರುವರ್ಷದ ಡಿಸೆಂಬರ್ ಕೊನೆಗೆ ನಾನು ನಿವೃತ್ತನಾದೆ. ಕೊನೆಯ ಮಂಗಳವಾರ ಗಾಡಿಯಲ್ಲೇ ಹೋಗಿ ಎಲ್ಲರಿಗೂ ಹೇಳಿ ಬರೋಣ ಎಂದು ಹೊರಟೆ. ಅರೇಹಳ್ಳಿಯಲ್ಲಿ ಸರೋಜಮ್ಮ ಚಕ್ಕುಲಿ ಕರಿದಿಟ್ಟಿದ್ದರು. ಅಜ್ಜಿಯನ್ನು ಮಾತಾಡಿಸಲು ಒಳಗೆ ಹೋದರೆ, ಕಿಟಕಿಯ ಕೆಳಗೆ ನಾಲ್ಕು ಮೂಟೆ. ಮಂಚ ಸ್ವಲ್ಪ ಈಚೆಗೆ ಸರಿದಿತ್ತು. ಇದೇನಮ್ಮ ಎಂದು ಕೇಳಿದೆ.

ಸರೋಜಮ್ಮನಿಗೆ ನಾಚಿಕೆಯಾಯಿತು. “ನಿಮ್ ಮ್ಯಾಲೆ ನಂಬಿಕೆ ಐತೆ ಸಾರ್. ನಿಮ್ ಆಮೇಲೆ ಬರೋರು ಹೆಂಗೋ ಏನೋ ಅಂತ...” ಎಂದು ನಿಲ್ಲಿಸಿದರು.

ಚಕ್ಕುಲಿ ಕಟ್ಟಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಆ ನಾಲ್ಕು ಮೂಟೆ ನನ್ನ ಎದೆಯ ಮೇಲಿದ್ದವು. ನಾನು ಗಾಡಿಯ ಕ್ರಮ ಬದಲಾಯಿಸಿದೆ ಎಂದು ಬೀಗಿದ್ದೆ. ಅವರು ನಂಬಿದ್ದು ನನ್ನ ಮುಖವನ್ನು. ಮುಖ ಮರೆಯಾಗುತ್ತದೆ ಎಂದ ಕೂಡಲೇ ಭಯ ಮತ್ತೆ ಬಂದು ಅಜ್ಜಿಯ ಕಿಟಕಿಯ ಕೆಳಗೆ ಕೂತಿತ್ತು.

ನನ್ನ ಜಾಗಕ್ಕೆ ಬಂದಿದ್ದ ರಮ್ಯಾ ಎಂಬ ಅಧಿಕಾರಿಗೆ ಉಳಿದದ್ದನ್ನೆಲ್ಲ ಬೇಗ ಒಪ್ಪಿಸಿದೆ. ಮಂಗಳವಾರದ ಗಾಡಿಯ ವಿಷಯಕ್ಕೆ ಮಾತ್ರ ಅರ್ಧ ದಿನ ಹಿಡಿಯಿತು. ಆಕೆ ತಾಳ್ಮೆಯಿಂದ ಕೇಳಿಸಿಕೊಂಡು, “ಮರ ಬಿದ್ದರೂ ಹೋಗ್ಬೇಕು. ಅಷ್ಟೇ ತಾನೆ ಸಾರ್?” ಎಂದರು. ಅಷ್ಟೇ ಎಂದೆ. ಏಜೆಂಟರಿಗೂ ಹೇಳಿದೆ, ಇನ್ನು ಗಾಡಿಯ ವಿಷಯಕ್ಕೆ ನನಗೆ ಫೋನ್ ಮಾಡಬೇಡಿ ಎಂದು.

ಜನವರಿಯ ಮಂಗಳವಾರಗಳನ್ನು ಕಳೆಯುವುದು ಕಷ್ಟವಾಯಿತು. ಬೆಳಗ್ಗೆ ಎದ್ದರೆ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. “ಗಾಡಿ ಹೊರಟಿತಾ ಅಂತ ಕೇಳ್ಬೇಡಿ. ಸುಮ್ನೆ ತಿಂಡಿ ತಿನ್ನಿ” ಎಂದು ಹೆಂಡತಿ ಫೋನನ್ನೇ ಎತ್ತಿಡುತ್ತಿದ್ದಳು. ನಾನು ಕೇಳಲಿಲ್ಲ. ಕೇಳಿದ್ದರೆ ಗಾಡಿ ಮತ್ತೆ ನನ್ನ ಹೆಸರಿನಲ್ಲೇ ಓಡುತ್ತಿತ್ತು. ಮೂವತ್ತು ವರ್ಷದ ಕೆಲಸ ನನಗೆ ಕಲಿಸಿದ್ದು ಇದನ್ನೇ: ನಾವಿರುವಾಗ ಗಾಡಿ ಹೊತ್ತಿಗೆ ಸರಿಯಾಗಿ ಹೋದರೆ ಕೆಲಸ ಅರ್ಧ ಆದಂತೆ, ನಾವಿಲ್ಲದಾಗಲೂ ಹೋದರೆ ಪೂರ್ತಿ ಆದಂತೆ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಗ್ಗೆ ಸರೋಜಮ್ಮನ ಫೋನು ಬಂತು. ನನಗೆ ಮೊದಲು ಗಾಬರಿಯಾಯಿತು. “ಗಾಡಿ ವಿಷ್ಯ ಅಲ್ಲ ಸಾರ್, ಬೈಬ್ಯಾಡಿ. ಹೋದ್ವಾರ ಆರೇ ಮೂಟೆ ಕೇಳಿದ್ದೆ, ಆರಕ್ಕೂ ಗಾಡಿ ಬಂತು. ಆ ನಾಲ್ಕು ಮೂಟೆ ಮಾರ್ಬುಟ್ಟೆ. ಅತ್ತೆ ಮಂಚ ಕಿಟಕಿ ಹತ್ರ ಎಳೆಸ್ಕೊಂಡವ್ರೆ. ನಿಮಗೆ ಹೇಳ್ಬೇಕು ಅನ್ನಿಸ್ತು” ಎಂದರು.

ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಕಡೆಯಿಂದ ಅಜ್ಜಿಯ ಕೂಗು ಕೇಳಿಸಿತು: “ಏ ಸರೋಜ, ಬಂತು ಕಣೇ ಗಾಡಿ!”

ಅವತ್ತು ಮಂಗಳವಾರ ಎಂಬುದು ನನಗೆ ಆಗಲೇ ನೆನಪಾದದ್ದು. “ಇರಿ ಸಾರ್, ಮೂಟೆ ಇಳಿಸ್ಕೋಬೇಕು” ಎಂದು ಸರೋಜಮ್ಮ ನನ್ನ ಮಾತಿಗೂ ಕಾಯದೆ ಫೋನ್ ಇಟ್ಟರು. ಮೂಟೆ ಬಂದ ದಿನ ನಮ್ಮನ್ನು ಯಾರೂ ನೆನೆಯುವುದಿಲ್ಲ. ಅದಕ್ಕಿಂತ ಒಳ್ಳೆಯ ಬೀಳ್ಕೊಡುಗೆ ನನಗೆ ಯಾರೂ ಕೊಡಲಿಲ್ಲ.